ಬಣ್ಣದವನ ಮಗಳ ಮದರಂಗಿ

ಅರಿಷಿಣ ಹಚ್ಚಲು ಮಗಳ ಕೈ ಹಿಡಿದ ಮುತ್ತವ್ವ ಹೌಹಾರಿ ಬಿಟ್ಟುಬಿಟ್ಟಳು. ನಿನ್ನೆ ಸಂಜೆ ಕಾಡಿಗೆಯಂತೆ ಕಪ್ಪಗೆ ಮೂಡಿದ್ದ ಶೇವಂತಿಯ ಮದರಂಗಿ ಬೆಳಗಾಗುವುದರೊಳಗೆ ಗುಳ್ಳೆಯಾಗಿ ಎದ್ದಿತ್ತು. ಕಡ್ಡಿಯಿಂದ ಬರೆದ ಹೂವು, ಬಳ್ಳಿ, ಚುಕ್ಕೆ, ಒಂದೊಂದು ಗೆರೆಯೂ ನೀರು ತುಂಬಿಕೊಂಡು ಉಬ್ಬಿತ್ತು. ಮದುಮಗಳು ಉರಿ ತಾಳಲಾರದೆ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಬಾಗಿಲಲ್ಲಿ ನಿಂತಿದ್ದ ಅವಳ ತಂದೆ ಮಹಾಲಿಂಗಪ್ಪ ಹೊಸಿಲು ದಾಟಿ ಒಳಗೆ ಬರಲಿಲ್ಲ.

ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರು ಬೇಕಾದಷ್ಟು ಜನ ಇದ್ದರು, ಮಹಾಲಿಂಗಪ್ಪನಂಥವನು ಇನ್ನೊಬ್ಬನಿರಲಿಲ್ಲ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂತು, ಇವನು ಹಾಕಿದ ಬಣ್ಣ ಮಾತ್ರ ಹೋಗಲಿಲ್ಲ ಎಂದು ನೇಕಾರರು ಚೇಷ್ಟೆ ಮಾಡುತ್ತಿದ್ದರು. ಕೇಳಿ ಕೇಳಿ ಅವನಿಗೂ ಅದು ತಲೆಗೇರಿತ್ತು, ಸುಳ್ಳೇಕೆ? ಮುತ್ತವ್ವ ಹಿತ್ತಲ ಗಿಡದ ಸೊಪ್ಪನ್ನು ತಾನೇ ಅರೆದಿದ್ದಳು. ಆ ಸೊಪ್ಪು ಕೆಂಪಾದೀತೇ ಹೊರತು ಕಪ್ಪಾಗುವಂಥದ್ದಲ್ಲ. ಮದರಂಗಿ ತಿಳಿಯಾದರೆ ಅತ್ತೆಯ ಪ್ರೀತಿಯೂ ಅಷ್ಟೇ ಎಂದು ಹೆಂಗಸರು ನಗುತ್ತಾರೆ. ಬಣ್ಣದವನ ಮಗಳ ಕೈ ನೋಡಿ ನಗುವುದೆಂದರೇನು? ಯಾರೂ ಇಲ್ಲದ ಹೊತ್ತು ನೋಡಿ, ಮಹಾಲಿಂಗಪ್ಪ ನೂಲಿಗೆ ಹಾಕುವ ಕರಿ ಬಣ್ಣದ ಪುಡಿಯನ್ನು ಒಂದು ಚಿಟಿಕೆ ತಂದು ಅರೆದ ಸೊಪ್ಪಿನ ಬಟ್ಟಲಿಗೆ ಕಲಸಿದ್ದ.

ಅಷ್ಟರಲ್ಲಿ ರಬಕವಿಯಿಂದ ಬೀಗರು ಬಂದಿಳಿದರು. ವರನ ತಾಯಿ ಇಂದ್ರವ್ವ ನಗುತ್ತಲೇ ಒಳಗೆ ಬಂದವಳು, ಹುಡುಗಿಯ ಕೈ ನೋಡಿದ್ದೇ ತಡ, ಅವಳಿಗೆಂದು ತಂದಿದ್ದ ಸೀರೆಯ ಗಂಟನ್ನು ಮತ್ತೆ ಕಂಕುಳಲ್ಲಿ ಇರುಕಿಕೊಂಡಳು.

"ಇದು ಮೈಯಾಗಿನ ಬ್ಯಾನಿ. ನಮಗ ಮುಚ್ಚಿಟ್ಟೀರಿ," ಎಂದಳು.

ಮುತ್ತವ್ವ ದೇವರ ಮೇಲೆ ಆಣೆ ಮಾಡಿದಳು, ಮಗಳ ಮೇಲೆ ಆಣೆ ಮಾಡಿದಳು. ಹಿತ್ತಲಿಗೆ ಓಡಿ ಮದರಂಗಿಯ ಟೊಂಗೆಯನ್ನೇ ಮುರಿದು ತಂದು ತೋರಿಸಿದಳು. ಎಲೆ ನೋಡಿದಷ್ಟೂ ಇಂದ್ರವ್ವನ ಅನುಮಾನ ಗಟ್ಟಿಯಾಯಿತು. ಎಲೆ ಚೆನ್ನಾಗಿದೆ ಎಂದಮೇಲೆ ಕೆಟ್ಟದ್ದು ಹುಡುಗಿಯ ಮೈಯೇ ಅಲ್ಲವೇ? ಮಹಾಲಿಂಗಪ್ಪ ಒಳಗೆ ಬಂದು ನಿಂತ. ಬಾಯಿ ಬಿಟ್ಟರೆ ತನ್ನ ಮಾನ ಹೋಗುತ್ತದೆ, ಬಿಡದಿದ್ದರೆ ಮಗಳ ಮದುವೆ ಮುರಿಯುತ್ತದೆ.

"ಹುಡುಗಿದೇನೂ ತಪ್ಪಿಲ್ಲರಿ," ಎಂದ. "ನಾನ ಹಾಕೀನಿ, ನೂಲಿನ ಕರೀ ಬಣ್ಣ. ಛಲೋ ಕಪ್ಪ ಏರಲಿ ಅಂತ."

ಮುತ್ತವ್ವ ಗಂಡನನ್ನು ಪರಕೀಯನನ್ನು ನೋಡುವಂತೆ ನೋಡಿದಳು. ಇಂದ್ರವ್ವ ಮಾತ್ರ ಗಂಟನ್ನು ಸಡಿಲಿಸಲಿಲ್ಲ. ರೋಗ ಮುಚ್ಚಲು ಕಟ್ಟಿದ ಕಥೆ ಇದ್ದರೂ ಇದ್ದೀತು.

"ಕೂಸಿನ ಕೈಗೆ ಹಚ್ಚೂ ಮುಂದ, ಎಲ್ಲೆರೆ ಹಚ್ಚಿ ನೋಡಲಿಲ್ಲೇನ್ರಿ?"

"ನೋಡೀನ್ರಿ. ನನ್ನ ಅಂಗೈಗೆ ಹಚ್ಚಿಕೊಂಡು ನೋಡೀನಿ. ಏನೂ ಆಗಲಿಲ್ಲ."

ಇಂದ್ರವ್ವ ಬೀಗನೆಂಬ ಸಂಕೋಚವನ್ನೂ ಮರೆತು ಅವನ ಬಲಗೈಯನ್ನು ಎಳೆದುಕೊಂಡಳು. ಕುದಿಯುವ ಹಂಡೆಯಿಂದ ವರ್ಷಗಟ್ಟಲೆ ನೂಲಿನ ಲಡಿಗಳನ್ನು ಎತ್ತಿ ಹಿಂಡಿದ ಕೈ ಅದು. ಅಂಗೈಗೆ ಹೆಬ್ಬೆರಳಿನ ಉಗುರನ್ನು ಬಲವಾಗಿ ಊರಿದಳು. ಉಗುರು ಬಾಗಿತು, ಚರ್ಮದ ಮೇಲೆ ಒಂದು ಗೀರೂ ಬೀಳಲಿಲ್ಲ.

"ಇದು ಕೈ ಅಲ್ಲರಿ ಬೀಗರ, ಎಮ್ಮಿ ಗೊರಸು," ಎಂದಳು ಇಂದ್ರವ್ವ. "ಇದರ ಮ್ಯಾಲ ನೋಡಿ ಕೂಸಿಗೆ ಹಚ್ಚೀರಿ?"

ರೋಗದ ಅನುಮಾನ ಕಳೆದು ಅವಳು ಸೀರೆಯ ಗಂಟನ್ನು ಹುಡುಗಿಯ ಪಕ್ಕದಲ್ಲಿ ಇಳಿಸಿದಳು. ತಾಳಿ ಕಟ್ಟುವುದು ಕೊರಳಿಗೆ, ಕೈ ಆಮೇಲೆ ವಾಸಿಯಾಗಲಿ ಎಂದು ಹೇಳಿ, ತಣ್ಣೀರು ತರಿಸಿ, ಶೇವಂತಿಯ ಕೈಗಳನ್ನು ತಾನೇ ತೊಳೆದು ಬಿಳಿ ಅರಿವೆ ಸುತ್ತಿದಳು.

ಧಾರೆಯ ಹೊತ್ತಿಗೆ ಮಗಳ ಕೈಯನ್ನು ವರನ ಕೈಯಲ್ಲಿಡಲು ಮಹಾಲಿಂಗಪ್ಪನನ್ನು ಕರೆದರು. ಶೇವಂತಿ ಅರಿವೆ ಸುತ್ತಿದ ಕೈ ಚಾಚಿದಳು. ಅವನೂ ಚಾಚಿದ, ಚಾಚಿದ್ದನ್ನು ಹಿಂದಕ್ಕೆ ತೆಗೆದು ಧೋತರಕ್ಕೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಕೊನೆಗೆ ಕೈ ಮುಟ್ಟದೆ, ಅವಳ ಕುಪ್ಪಸದ ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮಗಳನ್ನು ಒಪ್ಪಿಸಿದ.