ಸೀರೆ ಅಂಗಡಿಯಲ್ಲಿ ಸುಳ್ಳು ಬಾರದವನು

ಹದಿನೆಂಟು ತುಂಬಿದವರು ವಿನಿಮಯ ಕೌಂಟರಿನಲ್ಲಿ ತಮ್ಮದೇನಾದರೂ ಒಂದನ್ನು ಕೊಟ್ಟು ಒಂದು ಶಕ್ತಿ ಪಡೆಯಬಹುದು. ನನ್ನ ತಂಗಿ ಒಂದಿಷ್ಟು ಕೂದಲು ಕೊಟ್ಟು ಸೊಳ್ಳೆ ಕಚ್ಚದ ಮೈ ತಂದಳು. ನಾನು ಮಾತ್ರ ಶುರುವಿನಲ್ಲೇ ದೊಡ್ಡದಕ್ಕೆ ಕೈಹಾಕಿದೆ. ಸುಳ್ಳು ಹೇಳುವುದನ್ನೇ ಬಿಟ್ಟುಕೊಟ್ಟು, ಬೇರೆಯವರ ಸುಳ್ಳಿಗೆ ಬಿಸಿಯಾಗುವ ಕಿವಿ ಪಡೆದೆ. ಮುಂದೆ ನ್ಯಾಯಾಧೀಶನಾಗುವ ಅಂದಾಜಿತ್ತು. ಪರೀಕ್ಷೆಯಲ್ಲಿ ಫೇಲಾಗಿ ಸೀರೆ ಅಂಗಡಿ ಸೇರಿದೆ.

ಮೊನ್ನೆ ಮಾಲೀಕ ಚನ್ನವೀರಪ್ಪನವರು, "ಕೊಟ್ರೇಶಿ, ಇವತ್ತು ಒಂದಾದ್ರೂ ಮಾರ್ಲಿಲ್ಲ ಅಂದ್ರೆ ನಾಳೆ ಬರಬೇಡ" ಎಂದರು. ಕಿವಿ ಬಿಸಿಯಾಗಲಿಲ್ಲ.

ಅಷ್ಟರಲ್ಲಿ ವಿಶಾಲಾಕ್ಷಮ್ಮ ಎಂಬವರು ಮಗಳ ಮದುವೆಗೆ ಸೀರೆ ಕೊಳ್ಳಲು ಬಂದರು. ಒಂದು ಕೆಂಪು ಸೀರೆ ಎತ್ತಿಕೊಂಡು, "ಬಣ್ಣ ಬಿಡಲ್ಲ ತಾನೆ?" ಎಂದರು.

ತುಟಿ ಬಿಗಿಹಿಡಿದೆ. ಆದರೂ ಮಾತು ಹೊರಬಿತ್ತು: "ಮೊದಲ್ನೇ ಒಗೆತಕ್ಕೇ ಬಿಡ್ತದ್ರೀ."

"ನಂಗೊಪ್ಪುತ್ತಾ?"

"ಇಲ್ರೀ. ಆ ಹಸಿರು ಒಪ್ಪುತ್ತೆ."

ಗಲ್ಲಾದಲ್ಲಿದ್ದ ಮಾಲೀಕರು ತಲೆ ಚಚ್ಚಿಕೊಂಡರು. ವಿಶಾಲಾಕ್ಷಮ್ಮ ನನ್ನನ್ನೇ ದಿಟ್ಟಿಸಿದರು.

"ನಿನ್ನಂಥ ದಡ್ಡನ್ನ ಯಾವ ಅಂಗಡೀಲೂ ನೋಡಿಲ್ಲ ಕಣಪ್ಪ. ಆ ಹಸಿರು ಕಟ್ಟು. ಮದುವೆ ಸೀರೆ ಎಲ್ಲಾ ನೀನೇ ಆರಿಸ್ಕೊಡು."

ಗಾಬರಿಯಿಂದ ಕಿವಿ ಮುಟ್ಟಿಕೊಂಡೆ. ತಣ್ಣಗಿತ್ತು. ಅವರು ಕೊಳ್ಳುವುದೂ ನಿಜ, ನಾನು ದಡ್ಡನೆಂಬುದೂ ನಿಜ.