ಹಗಲು ಹೊತ್ತಿನ ಆನೆ

“ಓಓಓಯ್, ನಡೀಲಾ ಆಚ್ಗೆ.”

ರಾಚಮ್ಮ ಕೂಗಿದ್ದೇ ತಡ, ದಾರಿ ದಾಟಲೆಂದು ಸಫಾರಿ ವ್ಯಾನಿನ ಮುಂದೆ ನಿಂತಿದ್ದ ತಾಯಾನೆ ಒಮ್ಮೆ ಗಕ್ಕನೆ ತಿರುಗಿತು. ಮರಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡು ಲಂಟಾನದ ಪೊದೆಗೆ ನುಗ್ಗಿ ಮಾಯವಾಯಿತು. ಅದು ಅಂತಿಂಥ ಕೂಗಲ್ಲ. ಇಪ್ಪತ್ತು ವರ್ಷ ಜೋಳದ ಹೊಲದ ಕಾವಲು ಅಟ್ಟಣೆಯ ಮೇಲೆ ಆನೆ ಓಡಿಸಿ ಪಳಗಿದ ಗಂಟಲಿನದು. ವ್ಯಾನಿನಲ್ಲಿ ತೂಕಡಿಸುತ್ತಿದ್ದ ಮುದುಕರೊಬ್ಬರು ಎದ್ದು ಕೂತು, ಏನಾಯಿತೆಂದು ಎಲ್ಲರನ್ನೂ ಕೇಳತೊಡಗಿದರು.

ಹದಿನಾರು ಜನ ಬೆಳಗಿನ ಆರು ಗಂಟೆಯಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಎರಡು ಗಂಟೆ ಸುತ್ತಿದ್ದಕ್ಕೆ ದಕ್ಕಿದ್ದು ಬೆನ್ನು ತಿರುಗಿಸಿ ಮೇಯುವ ಜಿಂಕೆಗಳು, ಒಂದು ನವಿಲು, ಹುಲಿಯದ್ದೆಂದು ಡ್ರೈವರ್ ಆಣೆ ಮಾಡಿ ಹೇಳಿದ ಒಂದು ಹೆಜ್ಜೆ. ರಾಚಮ್ಮನಿಗೂ ಅವಳ ಇಬ್ಬರು ಗೆಳತಿಯರಿಗೂ ಇವೆಲ್ಲ ತಮ್ಮೂರು ಪಣಕಹಳ್ಳಿಯಲ್ಲೇ ಪುಕ್ಕಟೆ ಸಿಗುವ ಸರಕು. ಅಂತೂ ಆನೆ ಬಂತಪ್ಪ ಎನ್ನುವಷ್ಟರಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಸದ್ದು ಮಾಡಬೇಡಿ ಅಂತ ಮೂರು ಸಲ ಹೇಳಲಿಲ್ವೇನಮ್ಮಾ?” ಎಂದು ಡ್ರೈವರ್ ಗದರಿದ. ಮುಂದಿನ ಸೀಟಿನಲ್ಲಿ ಮೊಳದುದ್ದದ ಕ್ಯಾಮೆರಾ ಹಿಡಿದು ಕೂತಿದ್ದ ಕೊಯಮತ್ತೂರಿನವರೊಬ್ಬರು ಹಿಂದಕ್ಕೆ ತಿರುಗಿ, “ಎನ್ನಮ್ಮಾ ಇದು” ಎಂದು ಶುರುಮಾಡಿ ತಮಿಳಿನಲ್ಲಿ ಚೆನ್ನಾಗಿ ಮಂಗಳಾರತಿ ಮಾಡಿದರು. ಗಡಿಯೂರಿನ ರಾಚಮ್ಮನಿಗೆ ತಮಿಳು ಸಲೀಸಾಗಿ ಬರುತ್ತದೆ. ಅವತ್ತೊಂದು ದಿನ ಬಾರದೇ ಇದ್ದಿದ್ದರೆ ಒಳ್ಳೆಯದಿತ್ತು.

“ಏನ್ ರಾಚಕ್ಕ, ಇಂಗ್ ಮಾಡ್ಬುಟ್ಟೆ?” ಎಂದಳು ಮಮತ. ಶನಿವಾರವೇ ಹೊರಟು, ತನ್ನ ನೆಂಟರ ಮನೆಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಸಫಾರಿ ಎಂದು ಎಲ್ಲ ಹೊಂದಿಸಿದವಳು ಅವಳೇ.

“ಬೇಕೂಂತ ಮಾಡಿದ್ನಾ? ಅದ ಕಂಡೇಟ್ಗೆ ಬಾಯೇ ಕೂಗ್ಬುಡ್ತದ. ನನ್ ಮಾತ ಎಲ್ಲಿ ಕೇಳ್ತದ?”

“ಉಟ್ಟುಗುಣ ಸುಟ್ರೂ ಓಗದಿಲ್ಲ ಅನ್ನದು ಇದ್ಕೇಯ,” ಎಂದು ಪಕ್ಕದ ಹೊಲದ ಮಂಗಳಮ್ಮ ನಕ್ಕಳು. “ಓಗ್ಲಿ ಬುಡು. ಅವ್ರು ನೋಡ್ದಿದ್ರ ಅಷ್ಟೇ ಓಯ್ತು. ನೀನಾರ ಅದ್ರ ಮೊಕ ನೋಡ್ದೆ ತಾನೇ?”

“ಇಲ್ಲ ಕಣಕ್ಕ, ನೋಡ್ನಿಲ್ಲ. ಕೂಗುವಾಗ ಕಣ್ ಮುಚ್ಕಬುಟ್ಟೆ.”

ಮಂಗಳಮ್ಮನ ನಗು ಅಲ್ಲಿಗೇ ನಿಂತಿತು. ರಾಚಮ್ಮ ಈ ಪ್ರವಾಸಕ್ಕೆ ಒಪ್ಪಿದ್ದು ಏತಕ್ಕೆಂದು ಅವಳಿಗೆ ಗೊತ್ತಿತ್ತು. ಗಂಡ ಮಲ್ಲಪ್ಪನಿಗೆ ಉಬ್ಬಸವಿದ್ದುದರಿಂದ ಹೊಲದಲ್ಲಿ ಕೂಗುವ ಕೆಲಸ ಮದುವೆಯಾದ ಮರುವರ್ಷದಿಂದಲೂ ರಾಚಮ್ಮನದೇ. ಆದರೆ ಇಷ್ಟು ವರ್ಷದಲ್ಲಿ ಅವಳು ಕಂಡ ಆನೆಯೆಂದರೆ ಕತ್ತಲಲ್ಲಿ ಅಲುಗುವ ಒಂದಿಷ್ಟು ಕಪ್ಪು, ಬ್ಯಾಟರಿ ಬೆಳಕಿಗೆ ಸಿಕ್ಕ ಒಂದು ಬೆನ್ನು, ಬೆಳಗಾದರೆ ಮುರಿದು ಮಲಗಿರುವ ಜೋಳದ ಸಾಲು. ಇಪ್ಪತ್ತು ವರ್ಷ ಯಾರ ಜೊತೆ ಜಗಳವಾಡಿದೆನೋ ಅವರ ಮುಖವನ್ನೇ ನೋಡಿಲ್ಲವಲ್ಲ ಎಂಬ ಕೊರಗು ಅವಳಿಗಿತ್ತು. ಒಂದೇ ಒಂದು ಸಲ, ಹಗಲು ಹೊತ್ತಿನಲ್ಲಿ, ಹೆದರಿಕೆಯಿಲ್ಲದೆ ನೋಡಬೇಕು. ಅದಕ್ಕೆಂದೇ ಒಂದು ರಾತ್ರಿಯ ಕಾವಲನ್ನು ಮೈದುನನ ತಲೆಗೆ ಕಟ್ಟಿ ಬಂದಿದ್ದಳು. ಈಗ ಅವಳಿಗೆ ಅಳು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.

ಡ್ರೈವರ್ ಇಂಜಿನ್ ಆರಿಸಿ ಕಾಲು ಗಂಟೆ ಕಾದ. ಪೊದೆ ಅಲುಗಲಿಲ್ಲ. ಹೊತ್ತಾಯಿತೆಂದು ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ಯಾರೂ ರಾಚಮ್ಮನ ಕಡೆ ನೋಡಲಿಲ್ಲ. ಅವಳೂ ಕಿಟಕಿಯಾಚೆ ನೋಡಲಿಲ್ಲ.

ಗೇಟಿನ ಬಳಿ ಎಲ್ಲರೂ ಇಳಿದು ಟೀ ಕುಡಿಯುತ್ತಿದ್ದಾಗ ಕೊಯಮತ್ತೂರಿನವರು ಕ್ಯಾಮೆರಾದಲ್ಲಿ ಒಂದೊಂದೇ ಚಿತ್ರ ಸರಿಸುತ್ತಾ ಹೋಗಿ, ಒಂದರ ಮೇಲೆ ಕಣ್ಣು ನೆಟ್ಟು ನಿಂತರು. ಕೂಗು ಕೇಳಿ ಬೆಚ್ಚಿದಾಗ ಅವರ ಬೆರಳು ಗುಂಡಿ ಒತ್ತಿಬಿಟ್ಟಿತ್ತು. ಆನೆ ನೆಟ್ಟಗೆ ಕ್ಯಾಮೆರಾದ ಕಡೆಗೇ ತಿರುಗಿದ ಗಳಿಗೆ ಅದು. ಅರ್ಧ ಗಂಟೆಯ ಕೆಳಗಿನ ಸಿಟ್ಟು ಎಲ್ಲಿಗೆ ಹೋಯಿತೋ, “ನೀವು ಕೂಗಿದ್ದೇ ಒಳ್ಳೇದಾಯ್ತಮ್ಮಾ, ಇಂಥ ಫೋಟೋ ನಾನು ಇದುವರೆಗೆ ತೆಗೆದೇ ಇರಲಿಲ್ಲ” ಎಂದು ತಮಿಳಿನಲ್ಲೇ ಹೇಳಿ ಬಾಯಿತುಂಬ ನಕ್ಕರು. ಕ್ಯಾಮೆರಾ ಕೈಯಿಂದ ಕೈಗೆ ದಾಟಿತು. ಮೊರದಗಲ ಬಿಚ್ಚಿದ ಕಿವಿ, ಮೇಲಕ್ಕೆತ್ತಿದ ಸೊಂಡಿಲು. ಎಂಥ ರೌದ್ರ, ಎಂಥ ಕೋಪ ಎಂದು ನೋಡಿದವರೆಲ್ಲ ಹೊಗಳಿದರು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ವ್ಯಾನೇ ಉರುಳುತ್ತಿತ್ತು ಎಂದು ಡ್ರೈವರ್ ಒಂದು ಕಥೆಯನ್ನೂ ಕಟ್ಟಿದ.

ಕೊನೆಗೆ ಕ್ಯಾಮೆರಾ ರಾಚಮ್ಮನ ಹತ್ತಿರ ಬಂತು. ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಹಿಡಿದಳು. ಕೊಯಮತ್ತೂರಿನವರು ಪಕ್ಕದಲ್ಲಿ ನಿಂತು ಆನೆಯ ಮುಖವನ್ನಷ್ಟೇ ದೊಡ್ಡದು ಮಾಡಿ ತೋರಿಸಿದರು. ಹಣೆಯ ಮೇಲೆ ಒರಟು ಕೂದಲು, ಸೊಂಡಿಲ ಬುಡದಲ್ಲಿ ಕೆಂಪು ಚುಕ್ಕೆಗಳು, ಅಷ್ಟು ದೊಡ್ಡ ತಲೆಯಲ್ಲಿ ಇಷ್ಟೇ ಇಷ್ಟು ಕಣ್ಣು. ಕಣ್ಣಿನ ಬಿಳುಪು ಕಾಣುವಷ್ಟು ಅದು ಅಗಲವಾಗಿತ್ತು. ರಾಚಮ್ಮ ಬಹಳ ಹೊತ್ತು ನೋಡಿದಳು.

“ಸಿಟ್ಟು ಎಂಗ್ ಉಕ್ತಾ ಅದ ನೋಡು ರಾಚಕ್ಕ,” ಎಂದಳು ಮಮತ.

“ಇದು ಸಿಟ್ಟಲ್ಲ ಕಣವ್ವ. ಎದ್ರಕಂಡದ.”

“ನಿಂಗೆಂಗ್ ಗೊತ್ತು?”

ರಾಚಮ್ಮ ಕ್ಯಾಮೆರಾವನ್ನು ಹುಷಾರಾಗಿ ಅದರ ಯಜಮಾನರ ಕೈಗೆ ಕೊಟ್ಟಳು.

“ಅಟ್ಟಣೆ ಮ್ಯಾಲ್ ನಿಂತ್ಕಂಡು ಕೂಗುವಾಗ ಯಾರಾರ ನಂದೊಂದು ಪೋಟ ಇಡ್ದಿದ್ರ, ಮೊಕ ಇಂಗೇಯ ಇರಾದು.”