ಎರಡನೇ ಫೋನಿನ ಹಾಡು

ತುಮಕೂರಿನ ಮೊಬೈಲ್ ಅಂಗಡಿಯವನು ಒಂದು ಹಾಡು ಹಾಕಿ, ಮೊದಲನೇ ಫೋನನ್ನು ಕದರಯ್ಯನ ಕಿವಿಯ ಹತ್ತಿರ ಹಿಡಿದ. ಕದರಯ್ಯ ಕಣ್ಣು ಮುಚ್ಚಿ ತಲೆದೂಗಿದ. ಕ್ಯಾಮೆರಾ, ಬ್ಯಾಟರಿ, ರೇಟು ಯಾವುದರಲ್ಲೂ ಎರಡು ಫೋನಿಗೆ ವ್ಯತ್ಯಾಸವೇ ಇರಲಿಲ್ಲ. ಸೌಂಡ್ ಕೇಳಿಯೇ ಆರಿಸಬೇಕು ಅಂತ ಮಗಳು ಭಾನುಪ್ರಿಯಾ ಪಟ್ಟು ಹಿಡಿದಿದ್ದಳು.

"ಹಳೇ ಫೋನಲ್ಲಿ ನಾನೆಷ್ಟ್ ಕೂಗಿದ್ರೂ ಅಪ್ಪಂಗೆ ಕೇಳ್ಸಲ್ಲ," ಅಂದಳು ಅಂಗಡಿಯವನಿಗೆ. "ಸ್ಪೀಕರ್ ಹೋಗಿದೆ. ಗುಬ್ಬೀಲಿ ಎರಡ್ ಸಲ ರಿಪೇರಿ ಮಾಡ್ಸಿದೀನಿ. ಕಾಯಿ ಅಲ್ಲಾಡ್ಸಿ, ಒಳಗೆ ಕೊಬ್ಬರಿ ಒಣಗಿದ್ಯೋ ಇಲ್ವೋ ಅಂತ ಹೇಳೋ ಕಿವಿ ಇವ್ರದು. ಇವ್ರೇ ಆರಿಸ್ಲಿ."

ಕದರಯ್ಯ ಅವಳ ತುಟಿಯನ್ನೇ ನೋಡುತ್ತಿದ್ದ. ಈ ವರ್ಷ ಕಾಯಿಯೊಳಗೆ ಕೊಬ್ಬರಿ ಲೊಟಲೊಟ ಅಂದದ್ದು ಅವನ ಅಂಗೈಗೆ ಗೊತ್ತಾಗಿತ್ತೇ ಹೊರತು ಕಿವಿಗಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ. ಹಿರೇಹಳ್ಳಿಯ ಫ್ಯಾಕ್ಟರಿಗೆ ರಜೆ ಹಾಕಿ ಬಂದ ಮಗಳಿಗೆ ಈಗ ಹೇಗೆ ಹೇಳುವುದು?

ಎರಡನೇ ಫೋನು ಕೈಗೆ ಬಂತು. ಅದನ್ನು ಕಿವಿಯ ಪಕ್ಕ ಹಿಡಿದು, ಕಾಯಿ ಅಲ್ಲಾಡಿಸಿದ ಹಾಗೆ ಮೆಲ್ಲಗೆ ಅಲ್ಲಾಡಿಸಿದ. "ಇದೇ ಇರ್ಲಿ ಕಣಮ್ಮ. ಇದ್ರ ಹಾಡೇ ಚೆನ್ನಾಗೈತೆ."

ಅಂಗಡಿಯವನು ಭಾನುಪ್ರಿಯಾಳ ಕಡೆ ತಿರುಗಿದ. "ಅದ್ರಲ್ಲಿ ಇನ್ನೂ ಹಾಡು ಹಾಕಿಲ್ಲ ಮೇಡಂ."

ಮಗಳು ಅಪ್ಪನನ್ನು ನೋಡಿದಳು. ಏನೋ ಅಂದಳು. ಅಷ್ಟರಲ್ಲಿ ಅವಳ ಕೈ ಬಾಯಿಗೆ ಅಡ್ಡ ಬಂದಿತ್ತು. ಏನಂದಳು ಅಂತ ಕದರಯ್ಯನಿಗೆ ತಿಳಿಯಲಿಲ್ಲ.